ಊದದೆ ಉಳಿದ ಎರಡನೇ ಸೈರನ್

ಮಾನ್ಯ ಮುಖ್ಯಸ್ಥರೇ,

ಅಣುಸ್ಥಾವರಗಳನ್ನು ನಡೆಸುವ, ಅರ್ಧ ದೇಶಕ್ಕೆ ಬೆಳಕು ಕೊಡುವ ತಮ್ಮ ವಿದ್ಯುತ್ ಕಂಪನಿ ನಮ್ಮ ಮನೆಗೆ ಒಂದು ಸೈರನ್ ಬಾಕಿ ಇಟ್ಟುಕೊಂಡಿದೆ. ಅದನ್ನು ಊದಿಸಿಕೊಡಿ ಎಂದು ಕೇಳಲಿಕ್ಕೇ ಈ ಪತ್ರ. ಹಿಂದೆ ಖಾಸಗಿಯಾಗಿ ಬರೆದಾಗ "ತಮ್ಮ ಅಮೂಲ್ಯ ಸಲಹೆಗೆ ಧನ್ಯವಾದ" ಎಂಬ ಉತ್ತರ ಬಂತು. ನಾನು ಸಲಹೆ ಕೊಟ್ಟಿರಲಿಲ್ಲ, ಬೈದಿದ್ದೆ. ಬೈದದ್ದೂ ಗೊತ್ತಾಗದ ಹಾಗೆ ಬೈದಿದ್ದೇನೆ ಅಂದಮೇಲೆ ತಪ್ಪು ನನ್ನದೇ. ಆದ್ದರಿಂದ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ತಮ್ಮ ಸ್ಥಾವರದ ಗೇಟಿಗೆ ಹೋಗುವ ರಸ್ತೆಯಲ್ಲಿ ಕಟಿಂಗ್ ಶಾಪ್ ಇಟ್ಟುಕೊಂಡವನು ನಾನು. ಜೊತೆಗೆ ತಾವೇ ನೇಮಿಸಿದ, ಈ ರಸ್ತೆಯ ಸುರಕ್ಷತಾ ಸ್ವಯಂಸೇವಕ. ತಮ್ಮವರು ನನಗೊಂದು ಕಿತ್ತಳೆ ಬಣ್ಣದ ಜಾಕೆಟ್, ಒಂದು ಕೈಮೈಕು, ಅರ್ಧ ದಿನದ ತರಬೇತಿ ಮತ್ತು ಊಟ ಕೊಟ್ಟಿದ್ದರು. ಅದರಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಊಟ. ಜಾಕೆಟ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ನನ್ನ ಹೆಂಡತಿ, "ಏನ್ರೀ, ರಸ್ತೆ ಅಗೆಯೋ ಕೆಲ್ಸ ಸಿಕ್ತಾ?" ಅಂದಳು. ಹೊಟ್ಟೆಯ ಹತ್ತಿರ ಗುಂಡಿ ಸೇರದ ಆ ಜಾಕೆಟ್ಟನ್ನು ಅವತ್ತೇ ಅಂಗಡಿಯ ಮೊಳೆಗೆ ನೇತುಹಾಕಿದೆ. ಗಿರಾಕಿಗಳು ಅದಕ್ಕೆ ಕೈ ಒರೆಸುತ್ತಾರೆ.

ತಾವು ಪ್ರತಿ ತಿಂಗಳ ಮೊದಲ ಶನಿವಾರ ಹನ್ನೊಂದಕ್ಕೆ ಪರೀಕ್ಷೆಗೆಂದು ಸೈರನ್ ಊದಿಸುತ್ತೀರಿ. ಇದರಿಂದ ನಮ್ಮ ರಸ್ತೆಯ ಕ್ಷೌರಿಕರಿಗೆಲ್ಲ ಒಂದು ಅಭ್ಯಾಸ ಅಂಟಿಕೊಂಡಿದೆ. ಸೈರನ್ ಶುರುವಾದ ಕೂಡಲೇ ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತುತ್ತೇವೆ, ನಿಂತ ಮೇಲೆ ಮತ್ತೆ ಇಡುತ್ತೇವೆ. ಶುರುವಿನಲ್ಲಿ ಬೆಚ್ಚಿಬಿದ್ದು ಒಂದೆರಡು ಕೆನ್ನೆ ಕೊಯ್ದು ಕಲಿತ ವಿದ್ಯೆ ಇದು. ಈಗ ಕೈ ತಲೆಯನ್ನು ಕೇಳುವುದೇ ಇಲ್ಲ.

ಹೋದ ಬೇಸಿಗೆಯಲ್ಲಿ ಒಂದು ಗುರುವಾರ ಸೈರನ್ ಊದಿತು. ನನ್ನ ಕುರ್ಚಿಯಲ್ಲಿ ಯಾರಿದ್ದರು ಗೊತ್ತೇ? ತಮ್ಮದೇ ಸ್ಥಾವರದ ಇಂಜಿನಿಯರ್ ಸಾಹೇಬರು. ಕತ್ತಿ ಎತ್ತಿದೆ. ಸೈರನ್ ನಿಂತಿತು. ಕತ್ತಿ ಇಟ್ಟೆ. "ಸಾರ್, ಇವತ್ತು ಗುರುವಾರ ಅಲ್ವಾ?" ಅಂತ ಕೇಳಿದ್ದು ಆಮೇಲೆ. ಅವರು ಕಣ್ಣೂ ತೆರೆಯದೆ, "ಟೆಸ್ಟ್ ಇರ್ಬೇಕು ಬಿಡಪ್ಪ. ಮೀಸೆ ತುದಿ ಸ್ವಲ್ಪ ನೋಡು" ಅಂದರು. ನೋಡಿದೆ. ರಸ್ತೆಯವರ ಪ್ರಾಣ ಉಳಿಸಬೇಕಾದವನು ಒಂದು ಮೀಸೆ ಉಳಿಸಿದೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅಂತಾರಲ್ಲ, ನಾನು ಆಚಾರವನ್ನೂ ಹೇಳಲಿಲ್ಲ.

ಇಡೀ ರಸ್ತೆಯಲ್ಲಿ ಸರಿಯಾಗಿ ನಡೆದುಕೊಂಡವರು ಒಬ್ಬರೇ. ಅಂಗಡಿಯ ಮೇಲಿನ ಕೋಣೆಯಲ್ಲಿರುವ ನನ್ನ ಅತ್ತೆ. ತಾವು ಮನೆಮನೆಗೂ ಹಂಚಿದ ಕರಪತ್ರವನ್ನು ಬೀರುವಿನ ಬಾಗಿಲಿಗೆ ಅಂಟಿಸಿ, ದಿನಾ ಓದುತ್ತಿದ್ದ ಜೀವ ಅದು. ನಾವೆಲ್ಲ ಅವರನ್ನು 'ಕರಪತ್ರದಜ್ಜಿ' ಅಂತ ಆಡಿಕೊಳ್ಳುತ್ತಿದ್ದೆವು. ಪರೀಕ್ಷೆಯ ಶನಿವಾರ ಬಿಟ್ಟು ಬೇರೆ ದಿನ ಮೊದಲ ಸೈರನ್ ಆದರೆ ಕಿಟಕಿ ಬಾಗಿಲು ಮುಚ್ಚಿ ಒಳಗಿರಿ, ಎರಡನೇ ಸೈರನ್ ಆಗುವವರೆಗೆ ಯಾರು ಕರೆದರೂ ಹೊರಗೆ ಬರಬೇಡಿ ಎಂದು ಅದರಲ್ಲಿದೆ. ಅತ್ತೆ ಕಿಟಕಿಯ ಸಂದಿಗೆಲ್ಲ ಟೇಪು ಹಚ್ಚಿ, ಚಿಲಕ ಹಾಕಿಕೊಂಡು ಕುಳಿತುಬಿಟ್ಟರು. ಎರಡನೇ ಸೈರನ್ ಊದಲೇ ಇಲ್ಲ.

ಮಧ್ಯಾಹ್ನ ಕರೆಂಟೂ ಹೋಯಿತು. ದೀಪದ ಬುಡದಲ್ಲೇ ಕತ್ತಲು, ಸ್ವಾಮಿ! ಫ್ಯಾನಿಲ್ಲದ ಆ ಕೋಣೆ ಬಾಣಲೆಯ ಹಾಗೆ ಕಾದಿತ್ತು. ಹೆಂಡತಿ ಬಾಗಿಲು ಬಡಿದು ಅತ್ತಳು. "ಎರಡನೇದು ಆಗ್ಲಿ ಕಣೇ, ಬರ್ತೀನಿ" ಅಂತ ಒಳಗಿಂದ ಉತ್ತರ. ನಾನು ಮೊದಲ ಬಾರಿಗೆ ಆ ಕೈಮೈಕನ್ನು ಉಪಯೋಗಿಸಿದೆ. ಮೆಟ್ಟಿಲ ಮೇಲೆ ನಿಂತು, ಉಸಿರು ಕಟ್ಟಿ, "ಊಂ..." ಅಂತ ಸೈರನ್ ಊದಿದೆ. ಬೀದಿನಾಯಿಗಳು ನಂಬಿದವು. ಅತ್ತೆ, "ಅಳಿಯಂದ್ರೇ, ಸೈರನ್ನಿಗೆ ಕೆಮ್ಮು ಬರಲ್ಲ" ಅಂದರು.

ತಮ್ಮ ಕಚೇರಿಗೆ ಫೋನ್ ಮಾಡಿದೆ. ಮೊದಲ ಸೈರನ್ ಯಾರದೋ ಕೈತಪ್ಪಿನಿಂದ ಊದಿದ್ದಂತೆ. ಹಾಗಾದರೆ ಎರಡನೆಯದನ್ನಾದರೂ ಊದಿ ಅಂದೆ. "ಮೊದಲನೆಯದೇ ಅಧಿಕೃತವಲ್ಲ. ಅನಧಿಕೃತ ಸೈರನ್ನಿಗೆ ಅಧಿಕೃತ ಮುಕ್ತಾಯ ಕೊಡಲು ನಿಯಮದಲ್ಲಿ ಅವಕಾಶವಿಲ್ಲ" ಎಂದರು. ಎಂಥ ವಾಕ್ಯ! ಫೋನ್ ಇಡುವಷ್ಟರಲ್ಲಿ ಮೇಲಿನ ಕೋಣೆಯಿಂದ ಅತ್ತೆಯ ಉತ್ತರ ಬರುವುದೂ ನಿಂತಿತ್ತು. ಬಾಗಿಲು ಒಡೆದಾಗ ಅತ್ತೆ ನೆಲದ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ನನ್ನನ್ನು ಬೈದರು. ತಮ್ಮನ್ನು ಬೈಯಬೇಕಿತ್ತು, ಆದರೆ ಅಲ್ಲಿ ನಾನಿದ್ದೆ.

ಕಣ್ಣು ಬಿಟ್ಟ ಕೂಡಲೇ ಅತ್ತೆ ಕೇಳಿದ್ದು, "ಎರಡನೇದು ಊದಿದ್ರಾ?" ಹೆಂಡತಿ ಇಲ್ಲವೆಂದು ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಅತ್ತೆ ಬೀರುವಿನ ಕರಪತ್ರವನ್ನು ನೀರು ಹಚ್ಚಿ ಕೆರೆದು ತೆಗೆದರು. ಪೀಡೆ ತೊಲಗಿತು ಅಂತ ನಾನು ಖುಷಿಪಟ್ಟೆ. ನನ್ನ ಬುದ್ಧಿ ಇಷ್ಟೇ!

ಹೋದ ವಾರ ಬುಧವಾರ ಸೈರನ್ ಮತ್ತೆ ಊದಿತು. ಈ ಸಲ ನಾನು ಎತ್ತಿದ ಕತ್ತಿಯನ್ನು ಮತ್ತೆ ಕೆನ್ನೆಗೆ ಇಡಲಿಲ್ಲ. ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು, ಗುಂಡಿ ಸೇರದ ಜಾಕೆಟ್ಟು ಏರಿಸಿ, "ಒಳಗೆ ಹೋಗ್ರಪ್ಪೋ!" ಅಂತ ಮೈಕಿನಲ್ಲಿ ಕೂಗುತ್ತ ಮೇಲಕ್ಕೆ ಓಡಿದೆ. ರಸ್ತೆಯವರು ನಕ್ಕರು. ನಗಲಿ. ಮೇಲೆ ಕಿಟಕಿ ಪೂರ್ತಿ ತೆರೆದಿತ್ತು. ಅತ್ತೆ ಅದರ ಪಕ್ಕ ಕುಳಿತು ಬಟ್ಟೆ ಮಡಿಸುತ್ತಿದ್ದರು. ನನ್ನತ್ತ ತಿರುಗಿಯೂ ನೋಡದೆ, "ಟೆಸ್ಟ್ ಇರ್ಬೇಕು ಬಿಡಿ ಅಳಿಯಂದ್ರೇ" ಅಂದರು.

ಅದೂ ಕೈತಪ್ಪಂತೆ. ಆದರೆ ಸ್ವಾಮಿ, ಇಷ್ಟು ವರ್ಷ ತಮ್ಮ ಸ್ಥಾವರದ ನೆರಳಲ್ಲಿ ಕತ್ತಿ ಮಸೆದವನಿಗೆ ಅವತ್ತು ಮೊದಲ ಸಲ ಹೆದರಿಕೆಯಾಯಿತು. ತಮ್ಮನ್ನು ನಂಬಿದ್ದವರು ಈ ರಸ್ತೆಯಲ್ಲಿ ಒಬ್ಬರೇ ಇದ್ದರು. ನಿಜವಾದ ಸೈರನ್ ಊದಿದ ದಿನ ಅವರೂ ಕಿಟಕಿ ಮುಚ್ಚದಿದ್ದರೆ?

ನನ್ನ ಬೇಡಿಕೆ ದೊಡ್ಡದಲ್ಲ. ತಾವೇ ಬನ್ನಿ. ಮೆಟ್ಟಿಲು ಹತ್ತಿ ಬಾಗಿಲು ತಟ್ಟಿ, "ಅಮ್ಮಾ, ನೀವು ಮಾಡಿದ್ದೇ ಸರಿ, ತಪ್ಪು ನಮ್ಮದು" ಎಂದು ಅವರ ಮುಖ ನೋಡಿ ಹೇಳಿ. ಆಮೇಲೆ ಆ ಎರಡನೇ ಸೈರನ್ ಊದಿಸಿ. ಇನ್ನು ಮುಂದೆ ಯಾರ ಕೈ ತಪ್ಪಿದರೂ ಸರಿ, ಎರಡನೆಯದನ್ನು ಊದದೆ ಬಿಡಬೇಡಿ. ಬಂದವರಿಗೆ ಕ್ಷೌರ ಉಚಿತ. ಮಧ್ಯದಲ್ಲಿ ಸೈರನ್ ಊದಿದರೆ ಮಾತ್ರ ತಮ್ಮನ್ನು ಅರ್ಧಕ್ಕೇ ಬಿಟ್ಟು ಮೇಲಕ್ಕೆ ಓಡುತ್ತೇನೆ, ಬೇಜಾರು ಮಾಡಿಕೊಳ್ಳಬಾರದು.

ಇಂತಿ,
ಒಂದು ಮೀಸೆ ಉಳಿಸಿದ ಖ್ಯಾತಿಯ,
ತಮ್ಮದೇ ಸುರಕ್ಷತಾ ಸ್ವಯಂಸೇವಕ