ಮುಳ್ಳು ನಲವತ್ತು ತೋರಿಸುವಾಗ

ಯಂತ್ರಾಬ್ದ ೧೮೭, ಹತ್ತನೇ ತಿಂಗಳು, ಮೂವತ್ತಾರನೇ ತಾರೀಖು
ಕಪ್ಪತಗುಡ್ಡದ ತಪ್ಪಲು

ಗದಗಿನ ಗ್ಯಾರೇಜಿನಲ್ಲಿ ಕುಳಿತಿರುವ ಮಹಾಶಿಲ್ಪಿ ದಾವಲಸಾಬ ಮೇಸ್ತ್ರಿಯವರಿಗೆ, ಇನ್ನೂ ಹುಟ್ಟದಿರುವ ಗವಿಸಿದ್ಧನ ಸಾಷ್ಟಾಂಗ ನಮಸ್ಕಾರ!

ಮೇಲಿನ ತಾರೀಖು ಕಂಡು ಯಾರೋ ಕುಡಿದು ಬರೆದಿದ್ದಾರೆ ಎಂದು ಹರಿದು ಎಸೆಯಬೇಡಿ. ನಮ್ಮಲ್ಲಿ ವರ್ಷಕ್ಕೆ ಹತ್ತೇ ತಿಂಗಳು, ತಿಂಗಳಿಗೆ ಮೂವತ್ತಾರು ದಿನ. ಕೊನೆಗೆ ಉಳಿಯುವ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ, ಆದ್ದರಿಂದ ಯಾವ ಕಾನೂನೂ ಅವುಗಳನ್ನು ಮುಟ್ಟುವುದಿಲ್ಲ. ಅವಕ್ಕೆ ಉಳಿಕೆದಿನಗಳು ಎನ್ನುತ್ತೇವೆ. ನನ್ನ ಮಾತಿನಲ್ಲಿ ನಿಮಗೆ ಅರ್ಥವಾಗದ ಪದ ಬಂದರೆ ಕ್ಷಮಿಸಿ. ನಾಟಕದವರ ಮನೆಯಲ್ಲಿ ಬೆಳೆದವನು, ಅರ್ಥವಾಗದಿದ್ದರೂ ದನಿಯಾದರೂ ಕೇಳಿಸೀತು. ಈ ಹಾಳೆ ನಿಮ್ಮನ್ನು ತಲುಪುವುದು ಹಿನ್ನಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಮ್ಮುಖವಾಗಿ ಹೋಗುವ ಟಪಾಲಿನಲ್ಲಿ. ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಹಾಳೆ. ಎಲ್ಲರೂ ಅದನ್ನು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ಇದರ ಮೇಲೆಯೇ ನನ್ನ ಸಂಕಟವನ್ನು ಅಳೆದುಕೊಳ್ಳಿ!

ನಿಮ್ಮ ಕೈಯ ಗಾಡಿ ಇನ್ನೂ ಇದೆ. ನಾಲ್ಕೂ ಗಾಲಿಗೆ ಬಲ ಹೋಗುವ ಆ ಹಳೆಯ ಹಸಿರು ಟ್ರಕ್ಕು, ನೀವು ಆರಿಂಚು ಮೇಲೆತ್ತಿ, ರಾಕ್ಷಸಗಾತ್ರದ ಟೈರು ತೊಡಿಸಿದ್ದು. ಬಾನೆಟ್ಟಿನ ಒಳಗೆ ನಿಮ್ಮ ಹೆಸರಿನ ಹಿತ್ತಾಳೆಯ ತಗಡು ಇಂದಿಗೂ ಹೊಳೆಯುತ್ತದೆ. ಮನುಷ್ಯರು ಕೈಯಾರೆ ಓಡಿಸಬಹುದಾದ ಗಾಡಿ ಈ ಸೀಮೆಯಲ್ಲಿ ಅದೊಂದೇ. ಅದೂ ಉಳಿಕೆದಿನಗಳಲ್ಲಿ ಮಾತ್ರ; ಮಿಕ್ಕ ವರ್ಷವೆಲ್ಲ ನಾವು ಒಯ್ಯುಗಗಳಲ್ಲಿ ಓಡಾಡುತ್ತೇವೆ: ಚುಕ್ಕಾಣಿಯಿಲ್ಲ, ಮುಂದೆ ಗಾಜಿಲ್ಲ, ತಾನೇ ಒಯ್ದು ತಾನೇ ಇಳಿಸುವ ಪೆಟ್ಟಿಗೆಗಳು. ಒಳಗೆ ಹೆಂಗಸರು ರೊಟ್ಟಿ ಬಡಿಯುತ್ತಾರೆ, ಮುದುಕರು ಚೌಕಾಬಾರ ಆಡುತ್ತಾರೆ, ಕವಡೆ ಒಂದು ಕೂದಲೆಳೆಯಷ್ಟೂ ಜರುಗುವುದಿಲ್ಲ. ತಿರುವಿನಲ್ಲಿ ಮೈ ಒಂದು ಕಡೆಗೆ ವಾಲುತ್ತದೆ ಎಂಬುದನ್ನೇ ನಮ್ಮ ಜನ ಅರಿಯರು. ಅದರೊಳಗೆ ಕುಳಿತು ವೇಗ ಎಷ್ಟಿರಬೇಕೆಂದು ಯೋಚಿಸಿದ ಒಬ್ಬ ಮನುಷ್ಯನೂ ಇಂದು ಬದುಕಿಲ್ಲ. ನೀವೋ? ಒಂದು ಕಪ್ ಚಹಾ ಕುಡಿಯಲು ಮನಸ್ಸಾದರೆ ಕೀಲಿ ತಿರುವಿ, ಗೇರು ಹಾಕಿ, ಹೊರಟೇಬಿಡುತ್ತಿದ್ದಿರಿ! ದಿನವೂ! ಯಾರನ್ನೂ ಕೇಳದೆ! ಸ್ವಾಮೀ, ನಿಮ್ಮ ಆ ಚಹಾದ ಮೇಲೆ ನನಗಿರುವ ಹೊಟ್ಟೆಕಿಚ್ಚಿನಲ್ಲಿ ಒಂದು ಊರಿಗೆ ಅಡುಗೆ ಮಾಡಬಹುದು.

ಉಳಿಕೆದಿನಗಳ ಮೊದಲ ಬೆಳಿಗ್ಗೆ ಕೈಯೋಟ ನಡೆಯುತ್ತದೆ. ಆರಿಸಿದ ಒಬ್ಬರು ನಿಮ್ಮ ಟ್ರಕ್ಕನ್ನು ಗುಡ್ಡದ ನೆತ್ತಿಯಿಂದ ಕೆಳಗಿಳಿಸುತ್ತಾರೆ. ಸಾವಿರಾರು ಜನ ಬದಿಯಲ್ಲಿ ನಿಂತು ನೋಡುತ್ತಾರೆ. ಆ ಓಟವನ್ನೇ ರಂಗದ ಮೇಲೆ ಆಡಿ ತೋರಿಸುವ ನಾಟಕದಲ್ಲಿ ಹನ್ನೊಂದು ವರ್ಷ ಸಾರಥಿಯ ಪಾತ್ರ ಮಾಡಿದವನು ನಾನು. ಹಲಗೆಯ ಮಂಚದ ಮೇಲೆ ಕುಳಿತು ಬರಿಯ ಬಾಯಲ್ಲಿ ಇಂಜಿನ್ ಗುಡುಗಿಸಿದರೆ ಹಿಂದಿನ ಸಾಲಿನ ಕೂಸುಗಳು ಅಳುತ್ತಿದ್ದವು. ಆದರೂ ಈ ಸಲ ಹಿರಿಯರು ನಿಜವಾದ ಚುಕ್ಕಾಣಿಯನ್ನು ಕೊಟ್ಟದ್ದು ತುಳಜವ್ವನಿಗೆ! ನಿನ್ನೆ ಮೊನ್ನೆ ರಂಗಕ್ಕೆ ಬಂದವಳು, ನನ್ನ ಪಕ್ಕದಲ್ಲಿ ಸಖಿಯ ಪಾತ್ರ ಮಾಡುತ್ತಿದ್ದವಳು. ಅವಳ ಪಾದ ಹಗುರವಂತೆ. ನನ್ನದು ಆನೆಯ ಪಾದವೇ?

ನಾನು ಸುಮ್ಮನಿರಲಿಲ್ಲ. ಅವಳ ಎಡಗಣ್ಣು ಮಂದವೆಂದು ಹಿರಿಯರಿಗೆ ಹೇಳಿದೆ. ಸುಳ್ಳು. ಅವಳ ಕಾಲು ಬ್ರೇಕಿಗೆ ನಿಲುಕದೆಂದೆ. ಅದೂ ಸುಳ್ಳು. ಕ್ಲಚ್ಚು ಒತ್ತುವಾಗ ಅವಳಿಗೆ ತಲೆ ಸುತ್ತುತ್ತದೆಂದು ಊರೆಲ್ಲ ಹಬ್ಬಿಸಿದೆ. ಅವಳು ಮೂರನ್ನೂ ಪರೀಕ್ಷೆಯಲ್ಲಿ ಗೆದ್ದಳು, ಗೆದ್ದು ಬಂದು ನನ್ನೆದುರು ಲೋಟ ಹಿಡಿದು ನಿಂತಳು: “ಏನ್ ಗವಿಸಿದ್ದಣ್ಣಾ, ಹೊಟ್ಟಿ ಭಾಳ ಉರಿಯಾಕತ್ತೈತೇನು? ತಗೋ, ಮಜ್ಜಿಗಿ ಕುಡಿ.” ಜನ ನಕ್ಕರು. ಮಜ್ಜಿಗೆ ಕುಡಿದೆ. ಉರಿ ಆರಲಿಲ್ಲ.

ಆದರೆ ಮೇಸ್ತ್ರೀ, ಮೊನ್ನೆ ಅವಳಲ್ಲಿ ನಾಲ್ಕನೆಯ ಕುಂದು ಹುಡುಕಲು ಗಾಡಿಯನ್ನು ತಡಕಾಡುವಾಗ ನನಗೆ ನಿಜವೊಂದು ಸಿಕ್ಕಿತು. ಹಿಂಬದಿಯಲ್ಲಿ ಹಳೆಯ ಸ್ಟೆಪ್ನಿ ಹಾಗೇ ಇದೆ, ಗಾಡಿಯ ಜೊತೆ ಹುಟ್ಟಿದ್ದು. ಅದಕ್ಕೆ ಸುಣ್ಣದ ಗುರುತು ಹಾಕಿ ಉರುಳಿಸಿದೆ: ಒಂದು ಸುತ್ತು ಉರುಳಿದರೆ ನಿಮ್ಮ ಲೆಕ್ಕದ ಏಳಡಿ ನಾಲ್ಕಿಂಚು. ನೀವು ತೊಡಿಸಿದ ಗಾಲಿಯದು ಎಂಟಡಿ ಎಂಟಿಂಚು! ಡ್ಯಾಶ್‌ಬೋರ್ಡಿನ ಮುಳ್ಳು ಗಾಲಿಯ ಸುತ್ತನ್ನು ಎಣಿಸುತ್ತದೆ. ದಾಟಿದ ನೆಲ ಅದಕ್ಕೆ ಕಾಣದು. ಅದು ನಲವತ್ತು ಎಂದಾಗ ಗಾಡಿ ನಲವತ್ತೇಳರಲ್ಲಿ ಓಡುತ್ತಿರುತ್ತದೆ. ಮುಳ್ಳು ಅರವತ್ತಾದರೆ ನಿಜ ಎಪ್ಪತ್ತೊಂದು. ಅದರ ಮೇಲೆ ಆರಿಂಚಿನ ಎತ್ತರ, ಭಾರವೆಲ್ಲ ತಲೆಯಲ್ಲಿ. ತಿರುವಿನಲ್ಲಿ ಇಂಥ ಗಾಡಿ ಮೊದಲು ವಾಲುತ್ತದೆ, ಆಮೇಲೆ ಉರುಳುತ್ತದೆ.

ನಮ್ಮವರು ವೇಗವನ್ನು ಕಲಿಯುವುದು ಕೈಪಿಡಿಯಿಂದ. ನೀವು ಮುಟ್ಟುವ ಮುಂಚೆ, ಗಾಡಿ ತಗ್ಗಾಗಿದ್ದಾಗ ಅಚ್ಚಾದ ಪುಸ್ತಕ ಅದು. ಅದನ್ನು ನಾಟಕದ ಮಾತಿನಂತೆ ಬಾಯಿಪಾಠ ಮಾಡಿಸುತ್ತಾರೆ, ಒಂದಕ್ಷರ ಬದಲಿಸುವಂತಿಲ್ಲ. “ತಿರುವಿನಲ್ಲಿ ನಲವತ್ತು” ಎಂದಿದ್ದರೆ ನಲವತ್ತೇ. ಹಿಂದಿನವರೆಲ್ಲ ಹೆದರಿ ಇಪ್ಪತ್ತರಲ್ಲಿ ತೆವಳಿ ಇಳಿದದ್ದರಿಂದ ಬದುಕಿದರು. ತುಳಜವ್ವ ಹೆದರುವವಳಲ್ಲ. ಗಾಳಿಗುಂಡಿಯ ತಿರುವಿನಲ್ಲಿ ಪುಸ್ತಕದಷ್ಟೇ ಓಡಿಸುತ್ತೇನೆಂದು ಪಣ ತೊಟ್ಟಿದ್ದಾಳೆ. ಆ ತಿರುವಿನ ಹೊರಮಗ್ಗುಲಲ್ಲಿ ಮುನ್ನೂರಡಿ ಕಂದಕ.

ಓಡಿಹೋಗಿ ಅವಳಿಗೆ ಹೇಳಿದೆ. ಸುಣ್ಣದ ಗೆರೆ ತೋರಿಸಿದೆ. ಅವಳು ಗೆರೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. “ಅಣ್ಣಾ, ಕಣ್ಣು ಆತು, ಕಾಲು ಆತು, ತಲಿ ಆತು. ಈಗ ಗಾಲಿಗೆ ಬಂದ್ಯಾ? ನನ್ನ ಹೆಸರು ಕೆಡಸಾಕ ಇನ್ನೇನೇನ್ ಉಳದೈತಿ ಹೇಳು, ಒಮ್ಮಿಗೇ ಕೇಳಿಬಿಡತೀನಿ.” ಹಿರಿಯರ ಬಳಿ ಹೋದರೆ ಅವರೂ ನಕ್ಕು, “ಹೋಗಪ್ಪಾ, ಮಲ್ಕೋ” ಎಂದರು. ಸಭೆ ನಡುಗುವಂಥ ಕಂಠ ನನ್ನದು. ಒಂದೇ ಒಂದು ನಿಜವನ್ನು ಒಬ್ಬಳ ಕಿವಿಗೆ ಮುಟ್ಟಿಸಲಾಗದೆ ಹೋಯಿತು.

ಆದ್ದರಿಂದ ಕೇಳಿ, ದಾವಲಸಾಬರೇ! ಅವಳು ನಿಮ್ಮನ್ನು ಗುರುವೆಂದು ನಂಬಿದ್ದಾಳೆ. ಗಾಡಿ ಹತ್ತುವ ಮುನ್ನ ನಿಮ್ಮ ತಗಡಿಗೆ ಕೈಮುಗಿಯುತ್ತಾಳೆ. ಈ ಹಾಳೆ ಸಿಕ್ಕ ದಿನವೇ ಬಣ್ಣದ ಡಬ್ಬಿ ತೆಗೆದುಕೊಳ್ಳಿ. ಮುಳ್ಳಿನ ಕೆಳಗಿನ ಕಬ್ಬಿಣದ ಮೇಲೆ ಕೆಂಪಿನಲ್ಲಿ, ನಿಮ್ಮದೇ ಅಕ್ಷರದಲ್ಲಿ ಬರೆಯಿರಿ: ದೊಡ್ಡ ಗಾಲಿ ಹಾಕಿದ್ದೇನೆ, ಮುಳ್ಳು ಕಡಿಮೆ ತೋರಿಸುತ್ತದೆ, ನೇರ ರಸ್ತೆಯಲ್ಲಿ ಐವತ್ತು, ತಿರುವಿನಲ್ಲಿ ಇಪ್ಪತ್ತೈದು, ಇಳಿಜಾರಿನಲ್ಲಿ ಎರಡನೇ ಗೇರು. ನೀವೂ ಚಹಾಕ್ಕೆ ಹೋಗುವಾಗ ಅದನ್ನೇ ಪಾಲಿಸಿ. ನನ್ನ ಹೆಸರು ಮಾತ್ರ ಎಲ್ಲಿಯೂ ಬೇಡ. ನಾನು ಹೇಳಿದ್ದೆಂದು ತಿಳಿದರೆ ಅವಳು ಬೇಕೆಂದೇ ನಲವತ್ತೈದು ಒತ್ತುತ್ತಾಳೆ.

ನಾಳೆ ಬೆಳಿಗ್ಗೆ ಅವಳು ಗಾಡಿಯ ಬಾಗಿಲು ತೆರೆದಾಗ ಕೆಂಪಕ್ಷರ ಕಾಣಲಿ. ನಿಧಾನವಾಗಿ ಇಳಿದು ಬರಲಿ. ಜನ ಹೂವೆಸೆಯಲಿ, ಹೆಗಲ ಮೇಲೆ ಹೊರಲಿ, ಅವಳ ಹೆಸರಿನ ಪದ ಕಟ್ಟಲಿ. ನಾನು ಗುಂಪಿನ ಹಿಂದೆ ನಿಂತು ಬೂದಿಯಾಗುವಷ್ಟು ಉರಿಯುತ್ತೇನೆ, ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ. ಉರಿಯುವುದಕ್ಕಾದರೂ ಅವಳು ಬದುಕಿರಬೇಕಲ್ಲ, ಮೇಸ್ತ್ರೀ!

ಇತಿ,
ಗವಿಸಿದ್ಧ