ಉಗ್ಗುವ ರಾಣಿ

ಪ್ರೀತಿಯ ಚಿಕ್ಕಮ್ಮ,

ಎಲ್ಲರೂ ಮುಗಿಬಿದ್ದು ಓದುತ್ತಿರುವ, ನೀನು ಕಳಿಸಿದ ಆ ಮಾಯಾಲೋಕದ ಕಾದಂಬರಿ ನನಗೆ ನಿರಾಸೆ ಮಾಡಿತು. ನಾಯಕಿಗೂ ನನ್ನ ಹಾಗೇ ಉಗ್ಗು ಅಂತ ಆಸೆಯಿಂದ ಓದಿದೆ. ಕೊನೆಗೆ ನೋಡಿದರೆ, ಮಾಂತ್ರಿಕನೊಬ್ಬ ಉಗ್ಗು ಬಿಡಿಸಿದ ಮೇಲೆಯೇ ಅವಳನ್ನು ರಾಣಿ ಮಾಡುತ್ತಾರೆ!

ನಿನ್ನೆ ಶಾಲೆಯ ಗ್ರಂಥಾಲಯದಲ್ಲಿ ಆ ಪುಸ್ತಕದ ಬಗ್ಗೆ ಚರ್ಚೆಯಿತ್ತು. ನಾನು ಎದ್ದು ನಿಂತು, "ಉ... ಉಗ್ಗುವ ರಾಣಿ ಯಾಕಿರಬಾರದು?" ಅಂದೆ. ಹಿಂದೆ ಒಬ್ಬಳು ಕಿಸಕ್ಕನೆ ನಕ್ಕಳು. ಮೇಡಂ ಪಾಪ, ನನ್ನ ಮಾತನ್ನು ತಾವೇ ಮುಗಿಸಲು ಬಂದರು. "ತಾಳಿ ಮೇಡಂ, ನಾ... ನಾನೇ ಹೇಳ್ತೀನಿ" ಅಂದೆ. ಹೇಳಬೇಕಾದ್ದನ್ನೆಲ್ಲ ಹೇಳಿಯೇ ಕೂತೆ. ನಕ್ಕವಳೇ ಆಮೇಲೆ ಬಂದು, "ನೀನು ಹೇಳಿದ್ದು ಸರಿ ಕಣೇ" ಅಂದಳು.

ಭಾಷಣ ಸ್ಪರ್ಧೆಗೂ ಹೆಸರು ಕೊಟ್ಟುಬಿಟ್ಟೆ. ಅಮ್ಮನಿಗೆ ನನಗಿಂತ ಹೆಚ್ಚು ಭಯ. ಆವತ್ತು ಬಂದು ಅವಳ ಪಕ್ಕ ಕೂತ್ಕೋ.

ಇಂತಿ,
ನಿನ್ನ ಮಾತಿನಮಲ್ಲಿ