ನೇರಳೆ ಆಮೆ

ಮಂಗಳವಾರ, 14 ಅಕ್ಟೋಬರ್

ಪ್ರೀತಿಯ ಲೈಲ್ ಅಣ್ಣ,

ಈ ಕಾಗದವನ್ನು ನಿನಗಿಂತ ಮೊದಲು ಜೈಲಿನವರು ಒಡೆದು ಓದುತ್ತಾರೆ. ಓದಲಿ.

ನನ್ನ ಎರಡು ವರ್ಷದ ಪದವಿಯಲ್ಲಿ ಇದು ಮೂರನೆಯ ಸೆಮಿಸ್ಟರ್. ಬೆಳಿಗ್ಗೆ ನೀತಿಶಾಸ್ತ್ರ, ಮಧ್ಯಾಹ್ನ ಅಪರಾಧ ನ್ಯಾಯ. ಸುಳ್ಳು ಯಾವಾಗ ಕ್ಷಮಾರ್ಹ ಎಂದು ಬೆಳಗಿನ ಮೇಡಂ ತರಗತಿಯಿಡೀ ಚರ್ಚೆ ಮಾಡಿಸಿದರು. ಮಧ್ಯಾಹ್ನ ಪಾಠ ಮಾಡುವ ಹ್ಯಾಸ್ಕೆಟ್ ನಿವೃತ್ತ ಪೊಲೀಸ್ ಪತ್ತೇದಾರ. ಅವರಿಗೆ ಚರ್ಚೆಯ ಅಗತ್ಯ ಬೀಳಲಿಲ್ಲ.

ಪಾಠ, ತಪ್ಪೊಪ್ಪಿಗೆ ಪಡೆಯುವುದು ಹೇಗೆ. ಅವರು ಎಲ್ಲರಿಗೂ ಪೆಪ್ಪರ್‌ಮೆಂಟ್ ಹಂಚಿ, ಮೇಜಿನ ಮೇಲೆ ಕೂತು ತಮ್ಮ ಹಳೆಯ ಕೇಸೊಂದನ್ನು ಹೇಳಿದರು. ಹುಲ್ಲಿನ ಕೊಟ್ಟಿಗೆಗೆ ಬೆಂಕಿ, ಒಳಗೆ ಮಲಗಿದ್ದ ಕೂಲಿಯವನ ಸಾವು, ಹದಿನೇಳರ ಹುಡುಗನ ಬಂಧನ. ಹೆಸರು ಹೇಳಲಿಲ್ಲ.

"ಚೀಸ್‌ಬರ್ಗರ್ ತರಿಸ್ಕೊಟ್ಟೆ, ಮುಟ್ಲಿಲ್ಲ. ಬಲಗೈಗೆ ಪ್ಲಾಸ್ಟರ್, ಅದರ ಮೇಲೊಂದು ನೇರಳೆ ಆಮೆ! ನೋಡ್ರಪ್ಪಾ, ಕೊಲೆ ಆರೋಪಿ!"

ತರಗತಿ ಗೊಳ್ಳೆಂದು ನಕ್ಕಿತು. ನಿನ್ನ ಪ್ಲಾಸ್ಟರಿನ ಮೇಲೆ ಆ ಆಮೆಯನ್ನು ಬಿಡಿಸಿದವಳು ನಾನು. ಆಗ ನನಗೆ ಹತ್ತು ವರ್ಷ.

"ಭುಜದ ಮೇಲೆ ಕೈ ಹಾಕ್ದೆ. 'ಮಗಾ, ನಿಮ್ಮಮ್ಮ ಪಕ್ಕದ ರೂಮಲ್ಲಿ ಎಲ್ಲಾ ಹೇಳಾಯ್ತು. ನೀನು ಪೆಟ್ರೋಲ್ ವಾಸನೆ ಹೊಡೀತಾ ಮನೆಗೆ ಬಂದೆ ಅಂತ ಸೈನ್ ಹಾಕ್ಕೊಟ್ಟಿದ್ದಾಳೆ' ಅಂದೆ. ಆ ರೂಮಲ್ಲಿ ಇದ್ದಿದ್ದು ಬರೀ ಕಾಫಿ ಮೆಷಿನ್ನು! ಹುಡುಗ ಗೊಳೋ ಅಂತ ಅತ್ತ, ಎಡಗೈಲಿ ಸೈನ್ ಗೀಚಿದ, ಮುಗೀತು."

"ಅದು ಸುಳ್ಳಲ್ವಾ ಸರ್?" ಎಂದು ಮುಂದೆ ಕೂತಿದ್ದ ಡೆವಿನ್ ಕೇಳಿದ.

"ಸುಳ್ಳೇ. ಕಾನೂನು ಒಪ್ಪೋ ಸುಳ್ಳು. ಪರೀಕ್ಷೇಲಿ ಬರುತ್ತೆ, ಬರ್ಕೊಳ್ಳಿ."

ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಅವರ ಪೆಪ್ಪರ್‌ಮೆಂಟ್ ನನ್ನ ಬಾಯಲ್ಲೇ ಇತ್ತು. ಹೊರಗೆ ಓಡಿ ಬೇಸಿನ್ನಿಗೆ ಉಗಿದೆ, ಬಾಯಿ ಮುಕ್ಕಳಿಸಿದೆ. ಆ ರುಚಿ ಇನ್ನೂ ಹೋಗಿಲ್ಲ. ಆತ ಮಾಡಿದ್ದಕ್ಕಿಂತ, ಅದನ್ನು ಹೇಳುವಾಗ ಆತನ ಮುಖದಲ್ಲಿದ್ದ ಖುಷಿ ನೆನೆದರೆ ಹೇಸಿಗೆಯಾಗುತ್ತದೆ.

ಅಮ್ಮನ ಹೆಸರನ್ನು ನೀನು ಜೈಲಿಗೆ ಕೊಡುವ ಭೇಟಿಯವರ ಪಟ್ಟಿಗೆ ಯಾಕೆ ಸೇರಿಸುವುದಿಲ್ಲ ಎಂದು ಕೇಳಿದಾಗಲೆಲ್ಲ ನೀನು "ಅವಳಿಗೇ ಗೊತ್ತು, ಹೋಗಿ ಕೇಳು" ಅನ್ನುತ್ತಿದ್ದೆ. ಕೇಳಿದರೆ ಅವಳು "ನಂಗೇನ್ ಗೊತ್ತು ಮಗಳೇ" ಎಂದು ಸಿಂಕಿನ ಕಡೆ ತಿರುಗುತ್ತಿದ್ದಳು. ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ನಾನೂ ಅಂದುಕೊಂಡಿದ್ದೆ.

ಅಣ್ಣ, ನಿನ್ನನ್ನು ಹಿಡಿದ ಆ ರಾತ್ರಿ ಅಮ್ಮ ವೃದ್ಧಾಶ್ರಮದಲ್ಲಿ ಪಾಳಿಯ ಮೇಲಿದ್ದಳು. ಪೊಲೀಸರು ಅವಳಿಗೆ ಫೋನ್ ಮಾಡಿದ್ದು ಮರುದಿನ, ನೀನು ಸಹಿ ಹಾಕಿದ ಮೇಲೆ. ಅವಳು ಯಾರಿಗೂ ಏನೂ ಹೇಳಿಲ್ಲ. ವಕೀಲರ ಮಾತಿಗೆ ನೀನು ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಒಪ್ಪಿದೆ; ಹಾಗಾಗಿ ವಿಚಾರಣೆ ನಡೆಯಲಿಲ್ಲ, ಅಮ್ಮನ ಹೇಳಿಕೆ ಎಲ್ಲಿ ಎಂದು ಕೋರ್ಟಿನಲ್ಲಿ ಯಾರೂ ಕೇಳಲೇ ಇಲ್ಲ. ಬೆಂಕಿ ಹಚ್ಚಿದ್ದು ನೀನೋ ಅಲ್ಲವೋ, ಈಗ ನಾನೂ ಕೇಳುತ್ತಿಲ್ಲ. ಅಮ್ಮ ನಿನ್ನನ್ನು ಹಿಡಿದುಕೊಡಲಿಲ್ಲ, ಅಷ್ಟು ಮಾತ್ರ ನನಗೆ ಖಚಿತ.

ಅವಳಿಗೆ ಇನ್ನೂ ಹೇಳಿಲ್ಲ. ಮೊದಲು ನಿನಗೆ ತಿಳಿಯಲಿ. ಗುರುವಾರ ಮತ್ತೆ ಹ್ಯಾಸ್ಕೆಟ್ ತರಗತಿಗೆ ಹೋಗಿ ಕೂರುತ್ತೇನೆ. ನಿನ್ನ ವಕೀಲರು ಕೇಳದೆ ಬಿಟ್ಟದ್ದನ್ನು ಕೇಳುವುದು ಹೇಗೆಂದು ಕಲಿಯಬೇಕಿದೆ.

ಅವಳ ಹೆಸರು ಸೇರಿಸು.

ನಿನ್ನ ತಂಗಿ,
ರೊವೀನಾ

ತಾ.ಕ.: ಬಸ್ಸಿನಲ್ಲಿ ಬರುತ್ತೇನೆಂದು ನಿನಗೆ ಹೇಳುತ್ತಿದ್ದೆನಲ್ಲ, ಜೈಲಿನ ಕಡೆಗೆ ಬಸ್ಸೇ ಇಲ್ಲ. ಪ್ರತಿ ಸಲ ಕಾರು ಓಡಿಸುವವಳು ಅಮ್ಮ. ಗೇಟಿನಲ್ಲಿ ತನ್ನ ಹೆಸರಿದೆಯೇ ಎಂದು ಕೇಳುತ್ತಾಳೆ, ಇಲ್ಲವೆಂದರೆ ಹೋಗಿ ಕಾರಿನಲ್ಲಿ ಕೂರುತ್ತಾಳೆ. ನಾನು ಹೊರಗೆ ಬಂದೊಡನೆ ಅವಳು ಕೇಳುವುದು ಇಷ್ಟೇ: "ಊಟ ಮಾಡ್ತಾನಂತಾ?"